ಬೆಂಚಿದ್ದರೆ ಪಾರ್ಕು, ನೆರಳಿದ್ದರೆ ಇನ್ನೂ ಒಳ್ಳೇದು

ಮಾವನಿಗೆ ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು. ನೆಲ ಸಮ ಇರೋ ಕಡೆ ದಿನಾ ನಡೀರಿ. ಮೊದಮೊದಲು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡಿದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಕೂತುಬಿಟ್ಟರು. "ಗಾಣದ ಎತ್ತಿನ ಥರ ಸುತ್ತೋಕೆ ನನ್ನಿಂದ ಆಗಲ್ಲ ಕಣಮ್ಮ. ಹೊರಗೆ ಎಲ್ಲಾದ್ರೂ ಜಾಗ ಇದ್ರೆ ನೋಡು" ಅಂದರು.

ನಮ್ಮದು ಊರಂಚಿನ ಬಡಾವಣೆ. ಫೋನಿನ ಮ್ಯಾಪಿನಲ್ಲಿ ನೋಡಿದರೆ ಅಲ್ಲಲ್ಲಿ ಹಸಿರು ಬಣ್ಣದ ತುಂಡುಗಳು ಕಾಣುತ್ತವೆ. ಭಾನುವಾರ ಬೆಳಿಗ್ಗೆ ಅವೆಲ್ಲವನ್ನೂ ನೋಡಿ ಬರೋಣ, ಯಾವುದು ಸರಿ ಅನ್ನಿಸುತ್ತದೋ ದಿನಾ ಅಲ್ಲಿಗೇ ಹೋದರಾಯಿತು ಅಂತ ಮಾತಾಯಿತು. ಮಾವ ಕೋಲು ಹಿಡಿದರು, ನಾನು ನೀರಿನ ಬಾಟಲಿ ಹಿಡಿದೆ. ನನಗೆ ಒಳಗೊಳಗೇ ಬೇರೆ ಆಸೆಯೂ ಇತ್ತು. ಮರ ಗಿಡ ನೋಡೋದು ನನ್ನ ಹುಚ್ಚು. ಮಾವನಿಗೆ ಆ ಹುಚ್ಚಿಲ್ಲ. ಅವರಿಗೆ ಬೇಕಿದ್ದದ್ದು ಕಾಲಿಗೆ ಎಡವದ ದಾರಿ, ಸುಸ್ತಾದರೆ ಕೂರೋಕೆ ಜಾಗ.

ಮೊದಲು ಹೋಗಿದ್ದು ದೊಡ್ಡ ಪಾರ್ಕಿಗೆ. ಗೇಟಿನ ಪಕ್ಕ ಆಳೆತ್ತರದ ಬೋರ್ಡು. ಹುಲ್ಲಿನ ಮೇಲೆ ಕೂರಬಾರದು, ಚೆಂಡು ತರಬಾರದು, ಸೈಕಲ್ ತರಬಾರದು, ನಾಯಿ ತರಬಾರದು, ಹೂ ಕೀಳಬಾರದು. ಮಾವ ನಿಂತು ಪೂರ್ತಿ ಓದಿದರು.

"ಏನು ಮಾಡಬಹುದು ಅಂತ ಎಲ್ಲೂ ಬರೆದಿಲ್ವಲ್ಲ?"

"ನಡೀಬಹುದು ಮಾವ. ಹತ್ತು ಗಂಟೆ ತನಕ. ಆಮೇಲೆ ಬಾಗಿಲು ಹಾಕ್ತಾರಂತೆ, ಮತ್ತೆ ತೆಗೆಯೋದು ಸಂಜೆ ನಾಲ್ಕಕ್ಕೆ."

ಬಿಸಿಲು ಏರಿ ಜನಕ್ಕೆ ನೆರಳು ಬೇಕು ಅನ್ನಿಸುವ ಹೊತ್ತಿಗೇ ನೆರಳಿಗೆ ಬೀಗ! ಯಾರ ತಲೆಗೆ ಹೊಳೆಯಿತೋ. ಸಾರ್ವಜನಿಕ ಹಣದಲ್ಲಿ ಪಾರ್ಕು ಕಟ್ಟಿದ್ದಕ್ಕೆ ಮೊದಲ ಉದಾಹರಣೆ ಅಂತ ಹೇಳುವುದು ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕನ್ನು. ಅದು ಶುರುವಾದದ್ದು 1847ರಲ್ಲಿ. ಮೂರು ವರ್ಷದ ನಂತರ ಅಮೆರಿಕದಿಂದ ಬಂದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅದನ್ನು ನೋಡಿ ಬೆರಗಾಗಿದ್ದು ಅಲ್ಲಿನ ಗಿಡ ಮರಕ್ಕೆ ಮಾತ್ರ ಅಲ್ಲ, ಬಡವರೂ ಉಳ್ಳವರೂ ಒಂದೇ ಥರ ಅಡ್ಡಾಡುತ್ತಿದ್ದದ್ದಕ್ಕೆ. ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಇಬ್ಬರಲ್ಲಿ ಆತ ಒಬ್ಬ. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಮಾವ ನೆಲ ನೋಡುತ್ತಾ ಹೂಂ ಹೂಂ ಅನ್ನುತ್ತಿದ್ದರು. ಅವರು ನೆಲ ನೋಡಿದ್ದಕ್ಕೆ ಕಾರಣ ಇತ್ತು.

ವಾಕಿಂಗ್ ಟ್ರ್ಯಾಕಿಗೆ ಹಾಸಿದ ಟೈಲ್ಸು ಅಲ್ಲಲ್ಲಿ ಎದ್ದು ನಿಂತಿತ್ತು. ಕೆಳಗೆ ಬೇರು. ಮರದ ಬೇರು ಪಾತಾಳಕ್ಕೆ ಇಳಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಬಹುಪಾಲು ಬೇರು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ. ಗಾಳಿ, ನೀರು ಎರಡೂ ಸಿಗುವುದು ಅಲ್ಲಿ. ಅದು ಕೊಂಬೆಯ ಅಂಚನ್ನೂ ದಾಟಿ ಅಗಲಕ್ಕೆ ಹರಡುತ್ತದೆ. ಇಲ್ಲಿ ಬುಡದ ತನಕ ಸಿಮೆಂಟು ಬಳಿದಿದ್ದರು. ನೀರು ಇಳಿಯೋಕೆ ಒಂದು ಮೊಳ ಮಣ್ಣೂ ಬಿಟ್ಟಿರಲಿಲ್ಲ. ಮರ ಬೇರೇನು ಮಾಡಬೇಕು, ಸಿಕ್ಕ ಕಡೆ ಎತ್ತಿ ಹಾಕಿದೆ. ಅದಕ್ಕೆ ಶಿಕ್ಷೆ ಮಾವನ ಮಂಡಿಗೆ.

ಮರಗಳು ಮಾತ್ರ ಸೊಗಸಾಗಿದ್ದವು. ಒಂದು ಮಳೆಮರ ಅರ್ಧ ಪಾರ್ಕಿಗೇ ಚಪ್ಪರ ಹಾಕಿತ್ತು. ಸಂಜೆಯಾದರೆ, ಮೋಡ ಕವಿದರೆ ಎಲೆ ಮಡಚಿಕೊಳ್ಳುವ ಮರ ಅದು. ಅದರಾಚೆ ಗುಲ್‌ಮೊಹರ್, ಜಕರಂದ.

"ಮಳೆಮರ ದಕ್ಷಿಣ ಅಮೆರಿಕದ ಕಡೆಯಿಂದ ಬಂದಿದ್ದು ಮಾವ. ಜಕರಂದನೂ ಅಲ್ಲಿಂದಲೇ. ಗುಲ್‌ಮೊಹರ್ ಮಡಗಾಸ್ಕರಿನದ್ದು."

"ಹಾಗಾದ್ರೆ ಇವೆಲ್ಲಾ ಹೊರಗಿನವು."

"ಹೌದು."

"ಇರಲಿ ಬಿಡು. ಈ ಬಡಾವಣೆಗೆ ನಾವೂ ಹೊರಗಿನವರೇ ಅಲ್ವಾ?"

ಮಾವ ಕೂರೋಕೆ ಜಾಗ ಹುಡುಕಿದರು. ಕಾರಂಜಿಯ ಸುತ್ತ ಕಲ್ಲಿನ ಬೆಂಚುಗಳಿದ್ದವು. ಕಾರಂಜಿಯಲ್ಲಿ ನೀರಿರಲಿಲ್ಲ, ಬೆಂಚಿಗೆ ಬೆನ್ನಿರಲಿಲ್ಲ. ಪೂರ್ತಿ ಬಿಸಿಲು. ಅಷ್ಟು ದೊಡ್ಡ ಮಳೆಮರದ ಕೆಳಗೆ ಒಂದೇ ಒಂದು ಬೆಂಚಿಲ್ಲ! ಮಾವ ಕೂತರು. ಏಳುವಾಗ ಕೋಲಿಗೆ ಭಾರ ಹಾಕಿದರು, ಆಗಲಿಲ್ಲ, ನನ್ನ ಭುಜ ಹಿಡಿದರು. "ನೋಡು, ಕೂರೋದು ಯಾರು ಬೇಕಾದ್ರೂ ಕೂರ್ತಾರೆ. ಏಳೋದೇ ಕಷ್ಟ. ಎರಡೂ ಕಡೆ ಕೈ ಇದ್ರೆ ಒತ್ತಿ ಏಳಬಹುದು. ಇಷ್ಟು ತಗ್ಗಿನ ಬೆಂಚಲ್ಲಿ ಕೂತ್ರೆ ಮಧ್ಯಾಹ್ನದ ತನಕ ಇಲ್ಲೇ" ಅಂದರು. ಬೆಂಚಿನ ಬಗ್ಗೆ ಇಷ್ಟು ಯೋಚನೆ ಮಾಡಬೇಕು ಅಂತ ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ಆಮೇಲೆ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಬೆಂಚಿಗೇ ಹೋಗುತ್ತಿತ್ತು.

ಮ್ಯಾಪಿನ ಎರಡನೇ ಹಸಿರು ತುಂಡು ನೀರಿನ ಟ್ಯಾಂಕು ಮತ್ತು ಅದರ ಸುತ್ತಲಿನ ಬೇಲಿ. ಮೂರನೆಯದು ಮಕ್ಕಳ ಪಾರ್ಕು. ಜಾರುಬಂಡೆ ಲೋಹದ್ದು, ನೆರಳಿಲ್ಲ. ಒಂಬತ್ತು ಗಂಟೆಗೇ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಒಬ್ಬ ಪುಟ್ಟ ಹುಡುಗ ಏಣಿ ಹತ್ತಿ, ಮುಟ್ಟಿ ನೋಡಿ, ಏಣಿಯಿಂದಲೇ ಇಳಿದ.

ನಾಲ್ಕನೆಯದು ಕೆರೆ ಏರಿ. ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಮುಖ್ಯ ರಸ್ತೆ ದಾಟಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಒಂದು ಲೆಕ್ಕ ಕೊಟ್ಟಿದೆ. ಮನೆಯಿಂದ 300 ಮೀಟರಿನೊಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಅರ್ಧ ಹೆಕ್ಟೇರಾದರೂ ಹಸಿರು ಜಾಗ ಸಿಗಬೇಕು. ನೆದರ್‌ಲೆಂಡ್ಸ್‌ನ ಸೆಸಿಲ್ ಕೊನೈನೆಂಡೈಕ್ ಅನ್ನುವ ತಜ್ಞರು 2021ರಲ್ಲಿ ಅದಕ್ಕೇ ಇನ್ನೆರಡು ಸೇರಿಸಿ ಸುಲಭದ ಸೂತ್ರ ಮಾಡಿದರು. ಕಿಟಕಿಯಿಂದ 3 ಮರ ಕಾಣಬೇಕು, ಬಡಾವಣೆಯ 30 ಶೇಕಡಾ ಮರದ ನೆರಳಿರಬೇಕು, 300 ಮೀಟರಿನಲ್ಲಿ ಪಾರ್ಕಿರಬೇಕು. ನಮ್ಮ ಮನೆಯಿಂದ ಕೆರೆ ಏರಿಗೆ ಗೆರೆ ಎಳೆದರೆ 300 ಮೀಟರ್ ಆಸುಪಾಸೇ. ಕಾಗದದ ಮೇಲೆ ನಾವು ಪಾಸು.

ಆದರೆ ಸಿಗ್ನಲ್ಲಿನಲ್ಲಿ ಏನಾಯಿತು ಗೊತ್ತಾ? ಹಸಿರು ಮನುಷ್ಯ ಬಂದ, ನಾವು ಹೆಜ್ಜೆ ಇಟ್ಟೆವು, ಅರ್ಧ ರಸ್ತೆಗೆ ಬರುವಷ್ಟರಲ್ಲಿ ಅವನು ಮಾಯ. ನಡುವಿನ ಕಟ್ಟೆಯ ಮೇಲೆ ಎರಡೂ ಕಡೆ ಗಾಡಿ ಹೋಗುವುದನ್ನು ನೋಡುತ್ತಾ ನಿಂತೆವು. ಎಷ್ಟೋ ದೇಶಗಳಲ್ಲಿ ಈ ಹೊತ್ತನ್ನು ಲೆಕ್ಕ ಹಾಕುವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಾರೆ. ವಯಸ್ಸಾದವರಲ್ಲಿ ತುಂಬಾ ಜನರಿಗೆ ಅಷ್ಟು ವೇಗ ಇರುವುದಿಲ್ಲ. ಕೋಲು ಹಿಡಿದವರ ಮಾತು ಬಿಡಿ. ಮಾವ ಸಿಗ್ನಲ್ಲಿನ ಕಡೆ ನೋಡಿ, "ಇವನಿಗೆ ಮಂಡಿ ನೋವು ಬರಬೇಕು" ಅಂದರು. ಪಾರ್ಕು ಎಷ್ಟು ಮೀಟರ್ ದೂರ ಅನ್ನುವ ಲೆಕ್ಕದ ಜೊತೆ ನಡುವೆ ಎಷ್ಟು ರಸ್ತೆ ದಾಟಬೇಕು ಅನ್ನೋದನ್ನೂ ಬರೆದರೆ ಬಡಾವಣೆಗಳ ಅಂಕಪಟ್ಟಿ ಬೇರೆಯೇ ಆದೀತು.

ಕೆರೆ ಏರಿ ನಿಜಕ್ಕೂ ಚೆನ್ನಾಗಿತ್ತು. ಬೆಂಚಿಗೆ ಬೆನ್ನಿತ್ತು, ತಂಗಾಳಿ ಇತ್ತು. ದಿನಾ ಬರೋಕಾಗಲ್ಲ, ಅಷ್ಟೇ.

ವಾಪಸ್ ಬರುವಾಗ ಮಾವ ಇನ್ನು ಸಾಕು ಅಂದರು. ಹತ್ತಿರದ ದಾರಿ ಅಂತ ದೊಡ್ಡ ಮೋರಿಯ ಪಕ್ಕದಲ್ಲಿ ಬಂದೆವು. ಮಳೆನೀರು ಹರಿಯೋಕೆ ಬಿಟ್ಟ ಅಗಲವಾದ ಕಾಲುವೆ ಅದು. ಮ್ಯಾಪಿನಲ್ಲಿ ಅದಕ್ಕೆ ಹಸಿರು ಬಣ್ಣ ಇಲ್ಲ, ಬೂದು ಗೆರೆ. ಅದರ ದಡದಲ್ಲಿ ಯಾರೂ ಟೈಲ್ಸ್ ಹಾಕಿಲ್ಲ. ಜನ ನಡೆದು ನಡೆದು ಸವೆದ ಕಾಲುದಾರಿ. ಮಣ್ಣು ಗಟ್ಟಿಯಾಗಿ, ಸಮವಾಗಿ ಕೂತಿದೆ. ಮಾವನ ಹೆಜ್ಜೆ ತಾನಾಗಿಯೇ ಚುರುಕಾಯಿತು. ನಾನು ಏನೂ ಹೇಳಲಿಲ್ಲ.

ದಡದ ತುಂಬಾ ಎಕ್ಕದ ಗಿಡ. ಬಗ್ಗಿ ನೋಡಿದರೆ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳುವಿನಂಥದ್ದು. ಮೈಮೇಲೆ ಕೂದಲಿಲ್ಲ, ಕೋಡಿನಂಥ ಕಪ್ಪು ಎಳೆಗಳು. ಕಿತ್ತಳೆ ರೆಕ್ಕೆಯ, ಅಂಚಿನಲ್ಲಿ ಕಪ್ಪು ಬಿಳುಪಿನ ಚಿಟ್ಟೆ ಇದೆಯಲ್ಲ, ಅದರ ಮರಿ. ಎಕ್ಕದ ಹಾಲಿನ ವಿಷ ಈ ಹುಳುವಿಗೆ ಒಗ್ಗುತ್ತದೆ, ಹಕ್ಕಿಗೆ ಒಗ್ಗುವುದಿಲ್ಲ. ಹಾಗಾಗಿ ಹಕ್ಕಿಗಳು ಇದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ದೊಡ್ಡ ಪಾರ್ಕಿನಲ್ಲಿ ಬಣ್ಣಬಣ್ಣದ ಹೂವಿನ ಮಡಿ ಇತ್ತು, ಚಿಟ್ಟೆ ಕಾಣಲಿಲ್ಲ. ಹೂವಿದ್ದರೆ ಚಿಟ್ಟೆ ಕುಡಿದು ಹೋಗುತ್ತದೆ, ಅಷ್ಟೇ. ಮೊಟ್ಟೆ ಇಡೋಕೆ ಅದಕ್ಕೆ ಅದರದ್ದೇ ಗಿಡ ಬೇಕು. ಆ ಗಿಡವನ್ನು ಪಾರ್ಕಿನಲ್ಲಿ ಕಳೆ ಅಂತ ಕಿತ್ತು ಎಸೆಯುತ್ತಾರೆ.

ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು. "ಇಲ್ಲಿ ಸೊಳ್ಳೆ ಜಾಸ್ತಿ ಇರಬೇಕಲ್ವಾ?" ಅಂತ ಮಾವ ಕೇಳಿದರು. ಇದ್ದವು, ಇಲ್ಲ ಅಂತ ಹೇಳೋಲ್ಲ. ಒಂದು ತಿರುವಿನಲ್ಲಿ ವಾಸನೆಯೂ ಇತ್ತು, ಯಾವುದೋ ಮನೆಯ ಕೊಳಕು ನೀರಿನ ಪೈಪು ಬಂದು ಸೇರಿತ್ತು. ಆದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲೇ ಬೆಳೆಯುತ್ತವೆ, ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ದೊಡ್ಡವಾದ ಮೇಲೆ ಹಾರುವ ಸೊಳ್ಳೆಯನ್ನು ಹಿಡಿಯುತ್ತವೆ. ಇದನ್ನು ಹೇಳಿದ್ದಕ್ಕೆ ಮಾವ ತಮ್ಮ ಕೈಗೆ ಕೂತ ಸೊಳ್ಳೆಯನ್ನು ಹೊಡೆದು, "ಇದು ತಪ್ಪಿಸಿಕೊಂಡಿದೆ" ಅಂದರು.

ಇನ್ನು ಸ್ವಲ್ಪ ಮುಂದೆ ಹಳೇ ಅತ್ತಿಮರ. ಬಡಾವಣೆ ಆಗುವುದಕ್ಕೂ ಮೊದಲಿನದ್ದೇ ಇರಬೇಕು. ಬೊಡ್ಡೆಗೇ ಗೊಂಚಲು ಗೊಂಚಲು ಕಾಯಿ. ಮೇಲೆ ಕೋಗಿಲೆ, ಕುಟ್ರು ಹಕ್ಕಿ, ಅಳಿಲು, ಎಲ್ಲದರ ಗಲಾಟೆ. ಅತ್ತಿಯ ಹೂ ಹೊರಗೆ ಕಾಣುವುದಿಲ್ಲ, ಕಾಯಿಯ ಒಳಗೇ ಇರುತ್ತದೆ. ಪುಟ್ಟ ಕಣಜವೊಂದು ಕಾಯಿಯ ತುದಿಯ ಸಣ್ಣ ತೂತಿನಿಂದ ನುಗ್ಗಿ ಪರಾಗ ಮುಟ್ಟಿಸುತ್ತದೆ. ಆ ಕಣಜ ಬದುಕುವುದೂ ಅದರಲ್ಲೇ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಹೊತ್ತಲ್ಲೂ ಆಲ, ಅತ್ತಿ, ಅರಳಿಯಂಥವುಗಳಲ್ಲಿ ಒಂದಲ್ಲ ಒಂದು ಹಣ್ಣು ಬಿಟ್ಟಿರುತ್ತದೆ. ಅದಕ್ಕೇ ಹಕ್ಕಿಗಳಿಗೆ ಇವು ಅಷ್ಟು ಬೇಕಾಗುವುದು. ನೆಲದ ಮೇಲೆ ಹಣ್ಣು ಬಿದ್ದು ಕೊಳಕಾಗುತ್ತದೆ ಅಂತ ಪಾರ್ಕಿನಲ್ಲಿ ಇಂಥ ಮರ ಹಾಕೋಕೆ ಹಿಂಜರಿಯುತ್ತಾರೆ.

ಮರದ ಕೆಳಗೆ ಮೋರಿಗೆ ಅಡ್ಡಲಾಗಿ ಸಣ್ಣ ಸೇತುವೆ. ಅದರ ಕಟ್ಟೆಯ ಮೇಲೆ ಮಾವ ಕೂತರು. ಎತ್ತರ ಸರಿಯಾಗಿತ್ತು. ಪಕ್ಕದಲ್ಲಿ ಕಬ್ಬಿಣದ ಕಂಬ, ಹಿಡಿದು ಏಳೋಕೆ. ಎರಡು ಸಲ ಕೂತು, ಎರಡು ಸಲ ಎದ್ದು ಪರೀಕ್ಷೆ ಮಾಡಿದರು. ನನ್ನ ಭುಜದ ಅಗತ್ಯ ಬೀಳಲಿಲ್ಲ.

"ಇದು ಪಾರ್ಕಲ್ವಾ?"

"ಮ್ಯಾಪಲ್ಲಿ ಅಲ್ಲ ಮಾವ."

"ನಿನ್ನ ಮ್ಯಾಪು ಮಾಡಿದವನಿಗೆ ಕಾಲು ಚೆನ್ನಾಗಿರಬೇಕು."

ಇಂಥ ಜಾಗವನ್ನು ಸರಿಯಾಗಿ ಬಳಸಿದವರಿದ್ದಾರೆ. ಸಿಂಗಾಪುರದಲ್ಲಿ ಪಾರ್ಕಿನಿಂದ ಪಾರ್ಕಿಗೆ ನಡೆಯೋಕೆ, ಸೈಕಲ್ ಹೊಡೆಯೋಕೆ ದಾರಿ ಮಾಡಿದ್ದಾರೆ. ಅವುಗಳಲ್ಲಿ ಎಷ್ಟೋ ಕಾಲುವೆಯ ದಡದಲ್ಲೇ ಸಾಗುತ್ತವೆ. ಎಲ್ಲಾ ಸೇರಿ 300 ಕಿಲೋಮೀಟರಿಗೂ ಜಾಸ್ತಿ. ಹೊಸದಾಗಿ ಜಾಗ ಕೊಳ್ಳುವ ತಾಪತ್ರಯ ಕಡಿಮೆ. ನೀರಿಗೆ ಅಂತ ಬಿಟ್ಟ ಜಾಗ ಹೇಗೂ ಇದೆ, ರಸ್ತೆಗಳ ಕೆಳಗೆ ಅದು ಹೇಗೂ ತೂರಿ ಹೋಗುತ್ತದೆ. ನಮ್ಮ ಮೋರಿಯೂ ಮುಖ್ಯ ರಸ್ತೆಯ ಕೆಳಗೆ ತೂರಿಯೇ ಕೆರೆ ಸೇರುತ್ತದೆ. ಅದರ ಪಕ್ಕ ಎರಡು ಅಡಿ ದಾರಿ ಇದ್ದಿದ್ದರೆ ನಾವು ಆ ಸಿಗ್ನಲ್ಲಿನ ಮನುಷ್ಯನ ಮುಖ ನೋಡಬೇಕಿರಲಿಲ್ಲ.

ನನಗೆ ಒಂದು ಭಯವೂ ಇದೆ. ಅಭಿವೃದ್ಧಿ ಮಾಡ್ತೀವಿ ಅಂತ ಬಂದರೆ ಮೊದಲು ಎಕ್ಕ ಕಿತ್ತು ಹಾಕುತ್ತಾರೆ, ಆಮೇಲೆ ಕಾಲುದಾರಿಗೆ ಟೈಲ್ಸ್, ಆಮೇಲೆ ಗೇಟು, ಬೋರ್ಡು. ಹಾಗಾಗಿ ಅರ್ಜಿ ಬರೆಯೋಣ ಅಂತ ಮಾವ ಹೊರಟಾಗ ನಾನು ಸ್ವಲ್ಪ ತಡೆದೆ. ಅವರು ಕೇಳಲಿಲ್ಲ. ಕೈಬರಹದಲ್ಲೇ ಬರೆದರು. ಪೈಪಿನ ಕೊಳಕು ನೀರು ನಿಲ್ಲಿಸಿ. ಅತ್ತಿಮರದ ಕೆಳಗೆ ಒಂದು ಬೆಂಚು ಹಾಕಿ, ಬೆನ್ನು ಇರಲಿ, ಎರಡೂ ಕಡೆ ಕೈ ಇರಲಿ. ಕೊನೆಗೆ ನನ್ನ ಒತ್ತಾಯಕ್ಕೆ ಒಂದು ಸಾಲು ಸೇರಿಸಿದರು: ದಯವಿಟ್ಟು ಬೇರೇನೂ ಮಾಡಬೇಡಿ.

ಅರ್ಜಿ ತಲುಪಿದೆ ಅಂತ ಸೀಲು ಹೊಡೆದ ಪ್ರತಿ ಕೊಟ್ಟಿದ್ದಾರೆ. ಬೆಂಚು ಬಂದಿಲ್ಲ. ಮಾವ ಬೆಳಿಗ್ಗೆ ಏಳಕ್ಕೇ ಒಬ್ಬರೇ ಹೊರಡುತ್ತಾರೆ, ನಾನು ಜೊತೆಗೆ ಹೋಗಲೇಬೇಕು ಅಂತೇನಿಲ್ಲ. ಅಲ್ಲಿ ಅವರಿಗೆ ಇನ್ನೊಬ್ಬ ಕೋಲಿನವರು ಸಿಕ್ಕಿದ್ದಾರೆ, ಇಬ್ಬರ ಆಪರೇಷನ್ನೂ ಒಂದೇ ಥರದ್ದಂತೆ. ಕಟ್ಟೆಯ ಮೇಲೆ ಇಬ್ಬರಿಗೆ ಜಾಗ ಸಾಲುತ್ತದೆ. ಮೂರನೆಯವರು ಬಂದರೆ ಕಂಬ ಯಾರಿಗೆ ಅನ್ನೋದು ಈಗಿನ ಚರ್ಚೆ.