ಪೆನೆಲೊಪೆಯ ಮಗ್ಗ: ಕೊನೆಗೂ ಬಿಚ್ಚುವ ಹಂತಕ್ಕೆ ಬಂತು

ನೇಯ್ದದ್ದನ್ನು ಕೊನೆಗೂ ಬಿಚ್ಚಿದೆ! ಈ ಮಗ್ಗ ಕಟ್ಟಲು ಹೊರಟಿದ್ದೇ ಅದಕ್ಕಾಗಿ. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಪೆನೆಲೊಪೆ ಹಗಲೆಲ್ಲ ನೇಯ್ದು, ರಾತ್ರಿ ದೀವಟಿಗೆ ಬೆಳಕಲ್ಲಿ ಬಿಚ್ಚುತ್ತಾಳಲ್ಲ, ಆ ಕೆಲಸ ಎಂಥದ್ದು ಅಂತ ನನ್ನ ಕೈಗೇ ಗೊತ್ತಾಗಬೇಕಿತ್ತು.

ಚೌಕಟ್ಟು, ಕುಣಿಕೆ ಕೋಲು (ಹಿಂದಿನ ಎಳೆಗಳನ್ನು ಕುಣಿಕೆಯಲ್ಲಿ ಹಿಡಿದು ಮುಂದಕ್ಕೆ ಎಳೆಯುವ ಕೋಲು), ಮೇಲಂಚಿನ ಪಟ್ಟಿ ಇವೆಲ್ಲ ಮಾಮೂಲಿ, ಬಿಡ್ತೇನೆ. ಮಾದರಿಗೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಗ್ರೀಕ್ ಎಣ್ಣೆ ಕುಡಿಕೆಯ ಚಿತ್ರ ಇಟ್ಟುಕೊಂಡೆ. ಕ್ರಿ.ಪೂ. 550ರ ಆಸುಪಾಸಿನದು. ಇಬ್ಬರು ಹೆಂಗಸರು ನಿಂತುಕೊಂಡೇ ನೇಯುತ್ತಿದ್ದಾರೆ, ಬಟ್ಟೆ ಮೇಲಿನಿಂದ ಕೆಳಗೆ ಇಳಿಯುತ್ತಿದೆ, ಹಾಸಿನ, ಅಂದರೆ ಉದ್ದಕ್ಕೆ ಇಳಿಬಿಟ್ಟ, ಎಳೆಗಳ ತುದಿಗೆ ಅವನ್ನು ಬಿಗಿಯಾಗಿಡುವ ಗುಂಡುಗಳು ತೂಗುತ್ತಿವೆ.

ಜೀವ ತಿಂದದ್ದು ಆ ಗುಂಡುಗಳು. ಲೆಕ್ಕ ಸರಳ. ಬಟ್ಟೆ 40 ಸೆಂಟಿಮೀಟರ್ ಅಗಲ, ಸೆಂಟಿಮೀಟರಿಗೆ 8 ಎಳೆ, ಒಟ್ಟು 320. ಅವು ಎರಡು ಸಾಲು: ಹಿಂದೆ 160, ಮುಂದೆ 160. ನನ್ನ ನೂಲಿಗೆ ಎಳೆಗೆ 20 ಗ್ರಾಂ ಬಿಗಿ ಬೇಕು. ಅಂದರೆ 200 ಗ್ರಾಮಿನ ಒಂದು ಗುಂಡಿಗೆ 10 ಎಳೆ, ಸಾಲಿಗೆ 16 ಗುಂಡು. ತೂಕ ಸರಿಯಾದರೆ ಸಾಲದು, ದಪ್ಪವೂ ಸರಿಯಾಗಬೇಕು. ಹದಿನಾರೂ ಒತ್ತಾಗಿ ನಿಂತಾಗ ಸಾಲಿನ ಉದ್ದ ಬಟ್ಟೆಯ ಅಗಲಕ್ಕೆ ಕೂಡಬೇಕು. ಹಾಗಾಗಿ ತಲಾ ಎರಡೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆಗಳೇ ಆಗಬೇಕು.

ಕುಂಬಾರಜ್ಜನಿಗೆ ರಟ್ಟಿನಲ್ಲಿ ಕತ್ತರಿಸಿ ತೋರಿಸಿ ಬಂದಿದ್ದೆ. ಆವಿಗೆಯಿಂದ ಬಂದದ್ದು ಬೆಲ್ಲದುಂಡೆಯಂಥ ಗುಂಡುಗಳು. "ತೆಳ್ಳಗೆ ಮಾಡಿದ್ರೆ ಬಿರೀತಾವೆ ಕಣವ್ವಾ, ಇವು ಗಟ್ಟಿಮುಟ್ಟಾಗವೆ" ಅಂದರು. ಗಟ್ಟಿಮುಟ್ಟೇನೋ ಹೌದು, ಆದರೆ ಒಂದೊಂದೂ 5 ಸೆಂಟಿಮೀಟರ್ ದಪ್ಪ. ಸಾಲು 80 ಸೆಂಟಿಮೀಟರಿಗೆ ಹಬ್ಬಿತು. ಎಳೆಗಳು ಕೆಳಗೆ ಲಂಗದ ಹಾಗೆ ಅಗಲವಾದವು, ಮೇಲೆ ಎರಡೂ ಅಂಚು ಹೊರಕ್ಕೆ ಜಗ್ಗಿದವು. ಮತ್ತೆ ಹೋದೆ. ಈ ಸಲ ಮರದ ಅಚ್ಚು ಮಾಡಿಸಿ ಕೊಟ್ಟೆ. ಏಳೂವರೆ ಸೆಂಟಿಮೀಟರ್ ಅಗಲದ ಚಪ್ಪಟೆ ಬಿಲ್ಲೆಗಳು ಬಂದವು, ಒಂದೂ ಬಿರಿದಿರಲಿಲ್ಲ. ಅವನ್ನು ಕಟ್ಟಿದ ಸಂಜೆ ಹಾಸು ನೆಟ್ಟಗೆ ಇಳಿದು ನಿಂತಾಗ ಎಷ್ಟು ಖುಷಿಯಾಯ್ತು ಅಂತೀರಿ!

ನೂಲಿನದ್ದು ಇನ್ನೊಂದು ಗೋಳು. ಶುದ್ಧ ಉಣ್ಣೆ ಅಂತ ಅಂಗಡಿಯವರು ಕೊಟ್ಟ ಲಡಿಯ ತುದಿ ಸುಟ್ಟು ನೋಡಿದರೆ ಕೂದಲು ಸುಟ್ಟ ವಾಸನೆಯೇ ಇಲ್ಲ. ಕರಗಿ ಗಟ್ಟಿ ಮಣಿಯಾಯ್ತು. ವಾಪಸ್ ಕೊಟ್ಟೆ. ಕೈಯಲ್ಲಿ ನೂತ ಕಂಬಳಿ ನೂಲು ತಂದು, ನಮ್ಮ ಕಂಬಳಿ ನೇಕಾರರು ಮಾಡುವ ಹಾಗೆ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿದೆ. ಜುಂಗು ಕೂತಿತು.

ಗೇಣುದ್ದ ನೇಯ್ದು ಬಿಚ್ಚಲು ಕೂತೆ. ತುದಿ ಹಿಡಿದು ಎಳೆದರೆ ಸರ್ರನೆ ಬರುತ್ತೆ ಅಂತ ಕಥೆ ಓದಿದವರಿಗೆ ಅನ್ನಿಸಬಹುದು. ಬರಲ್ಲ. ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯಿಸಿದ, ಒಂದೊಂದು ಎಳೆಗೂ ಕುಣಿಕೆ ಕೋಲು ಎಳೆದೋ ಬಿಟ್ಟೋ ಹಾಸಿನ ಎರಡು ಸಾಲುಗಳ ನಡುವೆ ಬಾಯಿ ತೆರೆಯಬೇಕು, ನೇಯುವಾಗ ಮಾಡಿದ್ದನ್ನೆಲ್ಲ ತಿರುಗಾಮುರುಗಾ ಮಾಡಬೇಕು. ಬಡಿದು ಕೂರಿಸಿದ ಉಣ್ಣೆ ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಅವಸರ ಮಾಡಿದರೆ ಹಾಸು ತರಚುತ್ತದೆ. ನನಗೆ ನೇಯ್ದದ್ದಕ್ಕಿಂತ ಬಿಚ್ಚಿದ್ದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಅದೂ ಟ್ಯೂಬ್‌ಲೈಟ್ ಬೆಳಕಲ್ಲಿ.

ಪೆನೆಲೊಪೆ ಅಂದರೆ ಗಂಡನಿಗಾಗಿ ಕಾದು ಕೂತವಳು ಅಂತಲೇ ಎಲ್ಲರ ಬಾಯಲ್ಲೂ. ಈ ಮಗ್ಗದ ಮುಂದೆ ನಿಂತ ಮೇಲೆ ಆ ಮಾತು ನನಗೆ ಸುತರಾಂ ಒಪ್ಪಿಗೆಯಾಗಲ್ಲ. ಕಾವ್ಯದ ಲೆಕ್ಕದಲ್ಲೇ 108 ಗಂಡಸರು ಅವಳನ್ನು ಮದುವೆಯಾಗುತ್ತೇವೆ ಅಂತ ಅವಳ ಮನೆಯಲ್ಲೇ ತಿಂದು ಕುಡಿದು ಬಿದ್ದಿದ್ದರು. ಮಾವ ಲಾಯರ್ಟಿಸ್‌ನ ಶವಕ್ಕೆ ಹೊದಿಸುವ ಬಟ್ಟೆ ಮುಗಿಯಲಿ, ಆಮೇಲೆ ಮದುವೆ ಅಂದಳು. ಮೂರು ವರ್ಷ ಅವರು ಮಗ್ಗ ನೋಡಿಯೂ ನಂಬಿದರು. ಬಟ್ಟೆ ದಿನಕ್ಕೆ ಎಷ್ಟು ಇಳಿಯಬೇಕು ಅಂತ ಅವರಿಗೆಲ್ಲಿ ಗೊತ್ತು? ತನ್ನ ಕಸುಬಿನ ಒಳಗುಟ್ಟನ್ನೇ ಗುರಾಣಿ ಮಾಡಿಕೊಂಡ ಹೆಂಗಸು ಅವಳು. ಹಗಲೂ ದುಡಿದಳು, ರಾತ್ರಿಯೂ ದುಡಿದಳು. ಆಫೀಸು ಮುಗಿಸಿ ಬಂದು ಮಗ್ಗದ ಮುಂದೆ ನಿಲ್ಲುವಾಗ ನನಗೆ ಬಲ ಕೊಡುವುದು ಅವಳ ಈ ದುಡಿಮೆಯೇ.

ಇನ್ನೊಂದು ವಿಷಯ. ಬಿಚ್ಚಿದ ನೂಲು ಸುಕ್ಕುಸುಕ್ಕಾಗಿ, ಗುಂಗುರು ಕೂದಲಾಗಿಬಿಡುತ್ತದೆ. ಒದ್ದೆ ಮಾಡಿ, ಭಾರ ಕಟ್ಟಿ ಒಣಗಿಸದೆ ಮತ್ತೆ ಚೆನ್ನಾಗಿ ನೇಯಲಾಗಲ್ಲ. ನಾಲ್ಕನೇ ವರ್ಷ ಗುಟ್ಟು ಬಿಟ್ಟುಕೊಟ್ಟವಳು ಅವಳ ಮನೆಯದೇ ಒಬ್ಬ ಹೆಂಗಸು. ಉಣ್ಣೆ ಮುಟ್ಟಿ ಪಳಗಿದ ಕೈಗೆ ಆ ಸುಕ್ಕು ನೂಲೇ ಎಲ್ಲ ಹೇಳಿರಬೇಕು ಅಂತ ನನಗನ್ನಿಸುತ್ತದೆ.

ಇಟಲಿಯ ಕ್ಯೂಸಿ ಮ್ಯೂಸಿಯಂನಲ್ಲಿ ಕ್ರಿ.ಪೂ. 440ರ ಹೊತ್ತಿನ ಒಂದು ಬಟ್ಟಲಿದೆ. ಅದರಲ್ಲಿ ಪೆನೆಲೊಪೆ ತಲೆಗೆ ಕೈಯೂರಿ ಕೂತಿದ್ದಾಳೆ, ಮಗ ಟೆಲಿಮಾಕಸ್ ಎದುರು ನಿಂತಿದ್ದಾನೆ. ಹಿಂದಿನ ಮಗ್ಗದ ಬಟ್ಟೆಯಲ್ಲಿ ರೆಕ್ಕೆಯ ಆಕೃತಿಗಳ ಪಟ್ಟಿ. ನಾನು ಬಿಚ್ಚಿದ್ದು ಬರೀ ಸಾದಾ ನೇಯ್ಗೆ. ಚಿತ್ರದ ನೇಯ್ಗೆ ಬಿಚ್ಚಬೇಕಾದರೆ ಬಣ್ಣಬಣ್ಣದ ತುಂಡೆಳೆಗಳನ್ನು ಒಂದೊಂದಾಗಿ ಬಿಡಿಸಬೇಕು! ಮುಂದಿನ ಯೋಜನೆ ಅಲ್ಲೇ ಹುಟ್ಟಿತು. ಟ್ರೋಜನ್ ಯುದ್ಧದ ಕಾವ್ಯದಲ್ಲಿ ಹೆಲೆನ್ ನೇರಳೆ ಬಟ್ಟೆಯಲ್ಲಿ ಯುದ್ಧವನ್ನೇ ನೇಯುತ್ತಾಳೆ. ತನ್ನ ಹೆಸರಲ್ಲಿ ನಡೆಯುತ್ತಿದ್ದ ಯುದ್ಧವನ್ನು! ಅದರ ಒಂದು ಮೊಳ ಪಟ್ಟಿ ಮಾಡುತ್ತೇನೆ, ಬಣ್ಣ ಅರಗಿನದು. ನೂಲು ಇದಕ್ಕಿಂತ ಸಣ್ಣ, ಎಳೆಗೆ 10 ಗ್ರಾಂ ಸಾಕು. ಹೊಸ ಬಿಲ್ಲೆಗಳಿಗೆ ಅಳತೆ ಹಾಕಿ ಆಗಿದೆ. ಅಜ್ಜನ ಹತ್ತಿರ ಈ ಸಲ ಅಚ್ಚು ಕೈಯಲ್ಲಿ ಹಿಡಿದೇ ಹೋಗುತ್ತೇನೆ.