ಸೊನ್ನೆಯಿಂದ ಶುರು ಮಾಡಿದರೆ ಏನಾಗುತ್ತದೆ?

ಪಟ್ಟಿಯೊಂದರಲ್ಲಿ ಅತಿ ದೊಡ್ಡ ಸಂಖ್ಯೆ ಹುಡುಕುವ ಪ್ರೋಗ್ರಾಂ ಬರೆಯುವಾಗ ಹೊಸಬರು ಸಾಮಾನ್ಯವಾಗಿ ಬೆಲೆಯೊಂದನ್ನು ಇಟ್ಟುಕೊಳ್ಳುವ ‘ದೊಡ್ಡದು’ ಎಂಬ ವೇರಿಯಬಲ್‌ಗೆ 0 ಕೊಟ್ಟು, ಲೂಪ್‌ನಲ್ಲಿ (ಅದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡುವ ಭಾಗ) ಒಂದೊಂದೇ ಸಂಖ್ಯೆಯನ್ನು ಅದರ ಜೊತೆ ಹೋಲಿಸಿ, ಸಂಖ್ಯೆ ದೊಡ್ಡದಿದ್ದರೆ ಅದನ್ನೇ ಅಲ್ಲಿಡುತ್ತಾರೆ. 4, 9, 2 ಕೊಟ್ಟರೆ 9 ಬರುತ್ತದೆ, ಸರಿ. ಈಗ -7, -3, -12 ಕೊಟ್ಟು ನೋಡಿ. ಉತ್ತರ 0! ಪಟ್ಟಿಯಲ್ಲೇ ಇಲ್ಲದ ಸಂಖ್ಯೆ.

ಕೋಡ್ ತಿದ್ದಲು ಹೋಗಬೇಡಿ, ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎರಡು ಕಾಲಂ ಎಳೆಯಿರಿ: ‘ಈಗಿನ ಸಂಖ್ಯೆ’, ‘ದೊಡ್ಡದು’. ಲೂಪ್‌ನ ಪ್ರತಿ ಸುತ್ತಿಗೂ ಒಂದು ಸಾಲು. -7 ಎಂಬುದು 0ಗಿಂತ ದೊಡ್ಡದೇ? ಅಲ್ಲ. -3? ಅಲ್ಲ. -12? ಅದೂ ಅಲ್ಲ. ಎರಡನೇ ಕಾಲಂ ಕದಲುವುದೇ ಇಲ್ಲ. ಕಂಪ್ಯೂಟರ್ ಹೇಳಿದ್ದನ್ನೇ ಮಾಡಿದೆ, ನಾವು ಕೊಟ್ಟ ಆರಂಭದ ಬೆಲೆಯೇ ತಪ್ಪು. ಈ ಹಾಳೆಯ ಅಭ್ಯಾಸದಷ್ಟು ಕಲಿಸುವುದು ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಹಾರ ಸುಲಭ: 0 ಬದಲು ಪಟ್ಟಿಯ ಮೊದಲ ಸಂಖ್ಯೆಯನ್ನೇ ಕೊಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಥಾನಗಳ ಎಣಿಕೆ 0ಯಿಂದ ಶುರು, ಹಾಗಾಗಿ ಅದರ ಸ್ಥಾನ 1 ಅಲ್ಲ, 0.

ಪಟ್ಟಿ ಖಾಲಿಯಿದ್ದರೆ? ಮೊದಲ ಸಂಖ್ಯೆಯೇ ಇಲ್ಲದ ಕಾರಣ ‘ಇಂಡೆಕ್ಸ್ ಎರರ್’ (ಇಲ್ಲದ ಸ್ಥಾನವನ್ನು ಕೇಳಿದ ತಪ್ಪು) ಬರುತ್ತದೆ. ಹಾಗಾಗಿ ಪಟ್ಟಿಯ ಉದ್ದ 0 ಇದೆಯೇ ಎಂದು ಮೊದಲೇ ಪರೀಕ್ಷಿಸಿ. ಎರರ್ ಬಂದಾಗ ಸಂದೇಶದ ಕೊನೆಯ ಸಾಲಿನಿಂದ ಓದಿ: ಏನಾಯಿತೆಂದು ಅಲ್ಲಿರುತ್ತದೆ, ಎಷ್ಟನೇ ಸಾಲಿನಲ್ಲಿ ಎಂಬುದು ಅದರ ಮೇಲಿರುತ್ತದೆ.