ಮೊರ್ಗೋನ್ ವೈನಿನ ಒಗರು

ಲಿಯೋನ್, 16 ನವೆಂಬರ್ 2024, ಶನಿವಾರ

ಸಂಜೆ ಆರಕ್ಕೆ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಅರ್ಧ ಗಂಟೆ ಬಿಟ್ಟು ತೆಗೆದೆ. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಎಂಬ ಮಾತು ಈ ವೈನ್ ಮಾಡುವ ಗಮೇ ದ್ರಾಕ್ಷಿಗೆ ಹೊಂದುವುದಿಲ್ಲ. ಹದಿನಾಲ್ಕು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹಣ್ಣಿನ ಪರಿಮಳ ಮುಂದೆ ಬರುತ್ತದೆ. ಬೆಚ್ಚಗಾದರೆ ಮದ್ಯದ ಕಾವು ಅದನ್ನು ಮುಚ್ಚಿಬಿಡುತ್ತದೆ.

ಇದು ಮೊರ್ಗೋನ್, 2021ರದ್ದು, ಕೋಟ್ ದ್ಯು ಪಿ ಗುಡ್ಡದ ಬಳ್ಳಿಗಳದು. ಫ್ರಾನ್ಸಿನ ಬೋಜೊಲೆ ಸೀಮೆಯಲ್ಲಿ ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಹತ್ತು ನೆಲೆಗಳಲ್ಲಿ ಮೊರ್ಗೋನ್ ಒಂದು. ಆ ಗುಡ್ಡದ ನೀಲಿ ಛಾಯೆಯ ಕಲ್ಲು ಬೆರಳಿನಲ್ಲಿ ಹಿಚುಕಿದರೂ ಪುಡಿಯಾಗುವಷ್ಟು ಶಿಥಿಲ. ಅಲ್ಲಿನವರು ಅದನ್ನು ‘ಕೊಳೆತ ಕಲ್ಲು’ ಎಂದೇ ಕರೆಯುತ್ತಾರೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಗಮೇ ಕೀಳು ಬಳ್ಳಿ, ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ್ದ. ಈ ಗುಡ್ಡದ ಒಂದು ಲೋಟ ಕುಡಿದವರು ಆ ಮಾತನ್ನು ಒಪ್ಪಲಾರರು. ನಾನಂತೂ ಒಪ್ಪುವುದಿಲ್ಲ.

ಮೊದಲ ಲೋಟದಲ್ಲಿ ಚೆರ್ರಿಯ ವಾಸನೆ, ಅದರ ಹಿಂದೆಯೇ ಹಣ್ಣಿನ ಬೀಜ ಜಜ್ಜಿದಾಗ ಬರುವ ಕಹಿ ಬಾದಾಮಿಯ ಘಾಟು. ಹತ್ತು ನಿಮಿಷ ಗಾಳಿಗೆ ಬಿಟ್ಟ ಮೇಲೆ ವಯಲೆಟ್ ಹೂವು, ಒಂದಿಷ್ಟು ಒದ್ದೆ ಮಣ್ಣು. 2021ರ ಏಪ್ರಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟಿತ್ತು. ಬೇಸಿಗೆಯೂ ತಂಪಾಗಿಯೇ ಕಳೆಯಿತು. ಅದಕ್ಕೇ ಇರಬೇಕು, ಬಾಯಿಗಿಟ್ಟೊಡನೆ ಹುಳಿ ಚುರುಕಾಗಿ ತಾಗುತ್ತದೆ, ಮೈ ತೆಳುವು. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಒಗರು ಉಳಿಯುತ್ತದೆ.

ಈ ಒಗರಿನ ಬಗ್ಗೆಯೇ ಬರೆಯಬೇಕೆಂದು ಕುಳಿತದ್ದು. ತೀರ್ಥಹಳ್ಳಿಯ ಕಡೆ ಈಗ ಅಡಿಕೆ ಕೊಯ್ಲಿನ ಕಾಲ. ಅಡಿಕೆ ಬೇಯಿಸಿದ ಹಂಡೆಯ ಗಟ್ಟಿ ಕೆಂಪು ನೀರು, ಚೊಗರು, ಅಪ್ಪನ ಪಾಲಿಗೆ ಚೆಲ್ಲುವ ವಸ್ತುವಲ್ಲ. ಮುಂದಿನ ಅಡಿಕೆಗೆ ಬಣ್ಣ ಕೊಡಲು ಕಾಪಿಡುವಂಥದ್ದು. ಚಿಕ್ಕವಳಿದ್ದಾಗ ಅದಕ್ಕೆ ಬೆರಳದ್ದಿ ನೆಕ್ಕಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿ ಬಾಯೆಲ್ಲ ಒಣಗಿತ್ತು. ಟ್ಯಾನಿನ್ ಎನ್ನುವುದು ಅದೇ: ಜೊಲ್ಲಿನ ಪ್ರೊಟೀನನ್ನು ಹಿಡಿದು ಬಾಯಿಯ ಜಾರುತನವನ್ನು ಕಿತ್ತುಕೊಳ್ಳುತ್ತದೆ. ಮೊರ್ಗೋನ್‌ನಲ್ಲಿ ಅದು ಹದವಾಗಿದೆ. ಇಲ್ಲಿ ಗೊಂಚಲುಗಳನ್ನು ಬಿಡಿಸದೆ ಇಡಿಯಾಗಿ ತೊಟ್ಟಿಗೆ ಸುರಿಯುತ್ತಾರೆ. ಕೆಳಗಿನವು ಭಾರಕ್ಕೆ ಒಡೆದು ಹುದುಗುತ್ತವೆ, ಏಳುವ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಮೇಲಿನ ಹಣ್ಣು ಒಡೆಯದೆ ಒಳಗೊಳಗೇ ಹುದುಗುತ್ತದೆ. ಬಣ್ಣವೂ ಪರಿಮಳವೂ ಬರುತ್ತವೆ, ಒಗರು ಅಷ್ಟಾಗಿ ಬರುವುದಿಲ್ಲ.

ಜೊತೆಗೆ ಮೊದಲು ‘ಸೆರ್ವೆಲ್ ದ ಕನ್ಯು’ ಇಟ್ಟುಕೊಂಡೆ. ಲಿಯೋನಿನ ರೇಷ್ಮೆ ನೇಕಾರರ ಹೆಸರು ಹೊತ್ತ, ಬೆಳ್ಳುಳ್ಳಿಯನ್ನೂ ಸೊಪ್ಪನ್ನೂ ಬೆರೆಸಿದ ಮೆತ್ತನೆಯ ಚೀಸ್. ಹುಳಿಗೆ ಹುಳಿ ಸೇರಿ ವೈನ್ ಇನ್ನೂ ತೆಳುವಾಯಿತು. ಪಿಸ್ತಾ ಹಾಕಿದ ಹಂದಿಮಾಂಸದ ಸಾಸೇಜನ್ನು ಬೇಯಿಸಿ, ಬೆಣ್ಣೆ ಸವರಿದ ಆಲೂಗಡ್ಡೆಯೊಂದಿಗೆ ತಿಂದಾಗ ಎಲ್ಲವೂ ಕೂಡಿಬಂತು: ಜಿಡ್ಡು ಮತ್ತು ಉಪ್ಪು ಒಗರನ್ನು ಹಿಡಿದವು, ಹುಳಿ ಜಿಡ್ಡನ್ನು ತೊಳೆಯಿತು, ಚೆರ್ರಿ ಎರಡು ಪಟ್ಟು ಸಿಹಿಯಾಯಿತು. ಮತ್ತೊಂದು ತುತ್ತು, ಮತ್ತೊಂದು ಗುಟುಕು. ತಟ್ಟೆ ಖಾಲಿಯಾದದ್ದೇ ತಿಳಿಯಲಿಲ್ಲ. ಕೊನೆಯ ಆಲೂಗಡ್ಡೆಗೆ ಊರಿನ ಕೆಂಪು ಮೆಣಸಿನ ಚಟ್ನಿಪುಡಿ ಉದುರಿಸಿ ನೋಡಿದೆ. ಖಾರವು ಮದ್ಯದ ಉರಿಯನ್ನೂ ಒಗರನ್ನೂ ಕೆರಳಿಸಿ ಹಣ್ಣಿನ ಸುಳಿವೇ ಇಲ್ಲದಂತೆ ಮಾಡಿತು. ಕಾಳುಮೆಣಸು ಮಾತ್ರ ಚೆನ್ನಾಗಿ ಹೊಂದಿತು.

ಮುಂದಿನ ಗುರುವಾರ ‘ಹೊಸ ಬೋಜೊಲೆ’, ಅಂದರೆ ಈ ವರ್ಷದ ಕೊಯ್ಲಿನ ಎಳೆಯ ವೈನ್, ಮಾರುಕಟ್ಟೆಗೆ ಬರುತ್ತದೆ. ಅದರ ಸಡಗರವೇ ಬೇರೆ. ಇದು ಸಾವಧಾನದ ಬಾಟಲಿ. ಕಾಲು ಭಾಗ ಉಳಿದಿದೆ, ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ನಾಳೆ ಮಧ್ಯಾಹ್ನ ಬೆಣ್ಣೆಯಲ್ಲಿ ಅಣಬೆ ಹುರಿದು ಅದರೊಂದಿಗೆ ಕುಡಿಯಬೇಕು.